ಪುಸ್ತಕಕ್ಕೆ ರಟ್ಟು ಹಾಕುವ ಹವ್ಯಾಸ: ಉಪಕರಣಗಳ ಆಯ್ಕೆಯೂ ಕೈಕಣ್ಣುಗಳ ರಕ್ಷಣೆಯೂ

ಉದ್ಯೋಗನಿಮಿತ್ತ ತಾಯ್ನಾಡನ್ನು ಬಿಟ್ಟು ಮುಂಬಯಿಯಲ್ಲಿ ನೆಲಸಿದ ಕನ್ನಡ ಕುಟುಂಬಗಳಲ್ಲಿ, ಮನೆ ಎಷ್ಟೇ ಇಕ್ಕಟ್ಟಾಗಿರಲಿ, ಪುಸ್ತಕಗಳಿಗೆಂದು ಒಂದು ಕಪಾಟು, ಅದೂ ಇಲ್ಲವಾದರೆ ಮಂಚದ ಕೆಳಗೆ ಒಂದು ಟ್ರಂಕು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಿರಿಯರು ಊರಿನಿಂದ ತಂದ ಒಂದು ಗದುಗಿನ ಭಾರತ, ಒಂದು ಜೈಮಿನಿ ಭಾರತ, ಐವತ್ತು ಅರವತ್ತು ವರ್ಷಗಳ ಹಿಂದಿನ ಕಾದಂಬರಿಗಳು, ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳು ಅದರಲ್ಲಿರುತ್ತವೆ. ಇವುಗಳ ಪೈಕಿ ಬಹುಪಾಲಿನ ಬೆನ್ನು ಬಿರಿದಿರುತ್ತದೆ, ಹಾಳೆಗಳು ಸಡಿಲಗೊಂಡಿರುತ್ತವೆ. ಕರ್ನಾಟಕದಲ್ಲಿಯೇ ಇದ್ದಿದ್ದರೆ ಅದೇ ಪುಸ್ತಕದ ಇನ್ನೊಂದು ಪ್ರತಿ ಸಮೀಪದ ಗ್ರಂಥಾಲಯದಲ್ಲಿ ದೊರೆಯಬಹುದಾಗಿತ್ತು. ಇಲ್ಲಿ ಒಂದು ಪ್ರತಿ ಹಾಳಾಯಿತೆಂದರೆ ಆ ಮನೆಯ ಪಾಲಿಗೆ ಆ ಪುಸ್ತಕವೇ ಹೋದಂತೆ. ಮನೆಯ ಮಕ್ಕಳಿಗೆ ಕನ್ನಡ ಅಕ್ಷರಗಳ ಪರಿಚಯ ಕಡಿಮೆಯಾಗುತ್ತಿರುವ ಈ ದಿನಗಳಲ್ಲಿ, ಚಿಂದಿಯಾದ ಕನ್ನಡ ಪುಸ್ತಕವು ಹಳೆಯ ಕಾಗದದವನ ತಕ್ಕಡಿಗೆ ಬಲುಬೇಗ ಏರುತ್ತದೆ.

ಬೈಂಡಿಂಗಿನವರಲ್ಲಿ ಕೊಡಬಾರದೇಕೆ ಎಂದು ವಾಚಕರು ಕೇಳಬಹುದು. ಧಾರಾಳವಾಗಿ ಕೊಡಬಹುದು, ಒಳ್ಳೆಯ ಕುಶಲಿಗಳೂ ಇದ್ದಾರೆ. ಆದರೆ ಅವರ ಅಂಗಡಿಯಲ್ಲಿ ನೂರಾರು ರಶೀದಿ ಪುಸ್ತಕಗಳು, ಕಾಲೇಜಿನ ಪ್ರಬಂಧಗಳು ಒಂದರ ಮೇಲೊಂದು ಕಾದಿರುತ್ತವೆ; ಅಜ್ಜನ ಪುಸ್ತಕಕ್ಕೂ ಅದೇ ಯಂತ್ರ, ಅದೇ ಅಲಗು. ನಮ್ಮ ಮನೆಯ ಗದುಗಿನ ಭಾರತದ ಪುಟದಂಚುಗಳಲ್ಲಿ ನನ್ನ ಅಜ್ಜನವರು ಗಮಕ ವಾಚನಕ್ಕೆಂದು ರಾಗಗಳ ಹೆಸರುಗಳನ್ನು ಸೀಸದ ಕಡ್ಡಿಯಲ್ಲಿ ಗುರುತಿಸಿದ್ದರು. ಒಂದು ಅಂಗಡಿಯವರು ಪುಸ್ತಕವನ್ನು ಮೂರು ಕಡೆಗಳಲ್ಲಿಯೂ ಅಂದವಾಗಿ ಕತ್ತರಿಸಿ, ಕೆಂಪು ರಟ್ಟು ಹಾಕಿ ಹಿಂದಿರುಗಿಸಿದರು. ‘ಮೋಹನ’ ಎಂದಿದ್ದಲ್ಲಿ ‘ಮೋಹ’ ಉಳಿದು ‘ನ’ ಹೋಗಿತ್ತು. ‘ಕಾಂಭೋಜಿ’ಯಲ್ಲಿ ಅರ್ಧವೇ ಉಳಿದಿತ್ತು. ರಟ್ಟೇನೋ ಇಂದಿಗೂ ಗಟ್ಟಿಯಾಗಿದೆ. ಆ ಬಳಿಕ ನಮ್ಮ ಮನೆಯ ಪುಸ್ತಕಗಳನ್ನು ನಾನೇ ಹೊಲಿಯುತ್ತ ಬಂದಿದ್ದೇನೆ.

ವೃತ್ತಿಯಿಂದ ನಾನು ಬ್ಯಾಂಕಿನ ಅಧಿಕಾರಿ, ಓದಿದ್ದು ವಾಣಿಜ್ಯಶಾಸ್ತ್ರ. ಕರಕುಶಲ ವಿದ್ಯೆಯ ಪಾಠ ಯಾವ ತರಗತಿಯಲ್ಲಿಯೂ ಆಗಿರಲಿಲ್ಲ. ಆದರೂ ದಿನದ ವೋಚರುಗಳನ್ನು ಒಟ್ಟುಗೂಡಿಸಿ, ದಬ್ಬಣದಿಂದ ಚುಚ್ಚಿ, ದಾರ ಪೋಣಿಸಿ ಕಟ್ಟಿಡುವ ಪದ್ಧತಿ ಬ್ಯಾಂಕುಗಳಲ್ಲಿ ಹಳೆಯದು, ಅಷ್ಟರಮಟ್ಟಿಗೆ ಕೈ ಪಳಗಿತ್ತು. ಪಿನ್ನು ಕಾಗದಕ್ಕೆ ಮಾಡುವ ಹಾನಿಯನ್ನೂ ಬ್ಯಾಂಕಿನವರು ಬಲ್ಲರು. ನೋಟಿನ ಕಟ್ಟುಗಳಿಗೆ ಸ್ಟೇಪಲ್ ಪಿನ್ನು ಹೊಡೆಯಕೂಡದೆಂದು 2001ರಲ್ಲಿ ರಿಸರ್ವ್ ಬ್ಯಾಂಕು ವಿಧಿಸಿದ್ದು ಸುಮ್ಮನೆ ಅಲ್ಲ. ಕಚೇರಿಯ ಫೈಲಿಗೆ ನಾವು ಇಂದು ಬಳಸುವ ‘ಕಡತ’ ಎಂಬ ಮಾತು ಕೂಡ ಒಂದು ಕೈಕಸುಬಿನ ವಸ್ತುವಿನ ಹೆಸರೇ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತವಾಗುತ್ತಿತ್ತು. ಅದರ ಕಪ್ಪು ಮೈಯ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆದು, ಬೇಡವಾದಾಗ ಒರಸಿ ಮತ್ತೆ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಸುಪರಿಚಿತ. ಹೊಲಿಗೆಯೇ ಬೇಡದ ಆ ಪುಸ್ತಕದ ಜಾಣ್ಮೆಯನ್ನು ನೆನೆದಾಗ, ಲೆಡ್ಜರುಗಳ ನಡುವೆ ಬೆಳೆದ ನನ್ನಂಥವನಿಗೆ ಸ್ವಲ್ಪ ಹೆಮ್ಮೆಯೆನಿಸುವುದುಂಟು.

ಉಪಕರಣಗಳನ್ನು ಕೊಳ್ಳುವುದಕ್ಕೆ ಮೊದಲು ದುರಸ್ತಿಯಾಗಬೇಕಾದ ಪುಸ್ತಕವನ್ನು ಪರೀಕ್ಷಿಸಬೇಕು. ರೋಗಿಯನ್ನು ನೋಡದೆ ಔಷಧ ಕೊಳ್ಳುವವರುಂಟೆ? ಹಳೆಯ ಕನ್ನಡ ಪುಸ್ತಕಗಳಲ್ಲಿ ಅನೇಕವು ಫಾರಂ ಫಾರಮ್ಮಾಗಿ ಮಡಿಸಿ, ಒಂದೊಂದು ಫಾರಮ್ಮಿನ ಮಡಿಕೆಯಲ್ಲಿ ದಾರ ಹಾಯಿಸಿ ಹೊಲಿದವು. ಇವನ್ನು ಬಿಚ್ಚಿ ಮತ್ತೆ ಹೊಲಿಯುವುದು ಸುಲಭ, ತೆರೆದಾಗ ಪುಟಗಳು ಸಪಾಟಾಗಿ ಕೂಡುತ್ತವೆ. ಇನ್ನು ಕೆಲವಕ್ಕೆ ಬೆನ್ನಿನ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಚುಚ್ಚಿ ತಂತಿಯನ್ನೋ ದಾರವನ್ನೋ ಹಾಯಿಸಿರುತ್ತಾರೆ. ಈಚಿನವು ಬರಿಯ ಅಂಟಿನ ಮೇಲೆ ನಿಂತಿರುವಂಥವು. ಬಿಡಿ ಹಾಳೆಗಳಾಗಿ ಉದುರುವುದರಿಂದ ಹೊಸಬರು ಇವುಗಳ ತಂಟೆಗೆ ಹೋಗದಿರುವುದು ಲೇಸು. ಅನಂತರ ಕಾಗದದ ಪರೀಕ್ಷೆ. ಬರಹವಿಲ್ಲದ ಒಂದು ಮೂಲೆಯ ತುದಿಯನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಮಡಿಸಿ ನೋಡಿ. ಎರಡು ಮೂರು ಮಡಿಕೆಗೇ ಮುರಿದು ಕೈಗೆ ಬಂದರೆ ಆ ಕಾಗದಕ್ಕೆ ಸೂಜಿ ತೋರಿಸಬೇಡಿ. ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಕಾಗದದ ತಯಾರಿಕೆಯಲ್ಲಿ ಪಟಿಕ ಮತ್ತು ರಾಳಗಳ ಬಳಕೆ ಹಬ್ಬಿತು, ಮರದ ತಿರುಳನ್ನು ಅರೆದು ಮಾಡಿದ ಅಗ್ಗದ ಕಾಗದವೂ ಬಂದಿತು. ಅಂತಹ ಕಾಗದದಲ್ಲಿ ಆಮ್ಲ ತಾನಾಗಿ ಬೆಳೆದು ಎಳೆಗಳನ್ನು ಒಳಗಿನಿಂದಲೇ ಮುರಿಯುತ್ತದೆ. ಅದಕ್ಕೆ ಹೊಲಿಗೆ ಹಾಕಿದರೆ ಅಂಚೆಚೀಟಿಯಂತೆ ರಂಧ್ರದ ಸಾಲಿನಲ್ಲಿಯೇ ಹರಿಯುವುದು. ಅಂಥ ಪುಸ್ತಕದ ಪುಟಗಳ ಚಿತ್ರ ತೆಗೆದಿಟ್ಟು, ಅಳತೆಗೆ ತಕ್ಕ ರಟ್ಟಿನ ಪೆಟ್ಟಿಗೆಯೊಂದನ್ನು ಮಾಡಿ, ಅದರಲ್ಲಿ ಮಲಗಿಸಿಡುವುದೇ ಸರಿಯಾದ ಉಪಚಾರ.

ಈಗ ಉಪಕರಣಗಳು. ಅಂಗಡಿಗಳಲ್ಲಿಯೂ ಜಾಲದ ಮಾರಾಟದಲ್ಲಿಯೂ ಇಪ್ಪತ್ತು ಮೂವತ್ತು ಸಾಮಾನುಗಳ ಚೆಂದದ ‘ಕಿಟ್’ಗಳು ದೊರೆಯುತ್ತವೆ. ನನ್ನ ಸಲಹೆಯೆಂದರೆ ಅದನ್ನು ಕೊಳ್ಳಬೇಡಿ. ವಾಣಿಜ್ಯಶಾಸ್ತ್ರದಲ್ಲಿ ಬಂಡವಾಳ ವೆಚ್ಚ, ಚಾಲ್ತಿ ವೆಚ್ಚ ಎಂಬ ಭೇದವನ್ನು ಮೊದಲ ವರ್ಷದಲ್ಲಿಯೇ ಕಲಿಸುತ್ತಾರೆ. ಚಾಕು, ಉಕ್ಕಿನ ಪಟ್ಟಿ, ಕುಂಚ ಇವು ಮೂರು ಬಂಡವಾಳ. ಇವಕ್ಕೆ ಕೈಬಿಗಿ ಹಿಡಿಯಬಾರದು. ಉಳಿದವುಗಳಲ್ಲಿ ಬಹುಪಾಲು ಅಡಿಗೆಮನೆಯಲ್ಲಿಯೂ ಹೊಲಿಗೆಯ ಡಬ್ಬಿಯಲ್ಲಿಯೂ ಆಗಲೇ ಇರುತ್ತವೆ.

ಚಾಕುವಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಈ ಹವ್ಯಾಸದಲ್ಲಿ ಅಪಾಯವಿರುವುದು ಮುಖ್ಯವಾಗಿ ಅದರಲ್ಲಿಯೇ. ತುದಿಯನ್ನು ಮುರಿದು ಹೊಸ ಅಂಚನ್ನು ಪಡೆಯುವ ಚಾಕುವನ್ನು 1956ರಲ್ಲಿ ಜಪಾನಿನ ಯೋಶಿಯೋ ಒಕಾದಾ ಎಂಬಾತ ರೂಪಿಸಿದ. ಒಡೆದ ಗಾಜಿನ ಚೂಪು ಅಂಚೂ ಚಾಕೊಲೇಟಿನ ಹಲಗೆಯನ್ನು ಗೆರೆಗೆರೆಯಾಗಿ ಮುರಿಯುವ ಕ್ರಮವೂ ಆತನಿಗೆ ಸ್ಫೂರ್ತಿಯಾದುವಂತೆ. ಈ ಚಾಕುಗಳ ಅಲಗು ಸಾಮಾನ್ಯವಾಗಿ ಎರಡು ಅಗಲಗಳಲ್ಲಿ ದೊರೆಯುತ್ತದೆ: 9 ಮಿಲಿಮೀಟರಿನದು ಕಾಗದಕ್ಕೆ, 18ರದು ರಟ್ಟಿಗೆ. ಸಣ್ಣದರಿಂದ ರಟ್ಟು ಕತ್ತರಿಸಹೊರಟರೆ ಅಲಗು ಬಾಗಿ ಸಿಡಿಯುವ ಸಂಭವವುಂಟು. ಕೊಳ್ಳುವಾಗ ಅಲಗನ್ನು ಹೊರಚಾಚಿ, ಬೀಗವನ್ನು ಬಿಗಿದು, ಅಲಗಿನ ತುದಿಯನ್ನು ಮರದ ತುಂಡಿನ ಮೇಲೆ ಒತ್ತಿ ನೋಡಿ. ಅಲಗು ಒಳಕ್ಕೆ ಜಾರಿದರೆ ಆ ಚಾಕುವನ್ನು ಅಲ್ಲಿಯೇ ಬಿಟ್ಟುಬನ್ನಿ. ಜೊತೆಗಿರಬೇಕಾದ ಪಟ್ಟಿ ಉಕ್ಕಿನದೇ ಆಗಬೇಕು. ಪ್ಲಾಸ್ಟಿಕ್ ಪಟ್ಟಿಯ ಅಂಚನ್ನು ಚಾಕು ಕೆತ್ತಿ ಹತ್ತಿಬಿಡುತ್ತದೆ, ಆಮೇಲೆ ಅದರ ದಾರಿ ಎಡಗೈಯ ಬೆರಳುಗಳತ್ತ. ಪಟ್ಟಿಯ ಕೆಳಗೆ ತೆಳುವಾದ ರಬ್ಬರನ್ನೋ ಬೂಚಿನ ಹಾಳೆಯನ್ನೋ ಅಂಟಿಸಿದರೆ ಜಾರುವುದಿಲ್ಲ.

ರಟ್ಟನ್ನು ನಿಂತು ಕತ್ತರಿಸಬೇಕು, ಕುಳಿತಲ್ಲ. ಕುಳಿತಾಗ ಬಲವೆಲ್ಲ ಮಣಿಕಟ್ಟಿನಿಂದ ಬರಬೇಕಾಗುತ್ತದೆ. ನಿಂತಾಗ ಭುಜದಿಂದ ಬರುತ್ತದೆ. ಒಂದೇ ಏಟಿಗೆ ಕತ್ತರಿಸುವ ಹಟ ಬೇಡ. ಮೊದಲ ಗೀರು ಹಗುರವಾದ ಗುರುತು, ಅನಂತರದ ಏಳೆಂಟು ಗೀರುಗಳಲ್ಲಿ ರಟ್ಟು ತಾನಾಗಿ ಬೇರೆಯಾಗುತ್ತದೆ. ಹೆಬ್ಬೆರಳಿನ ಬುಡದಲ್ಲಿ ಸಂಧಿವಾತವುಳ್ಳವರು ಚಾಕುವಿನ ಹಿಡಿಗೂ ದಬ್ಬಣಕ್ಕೂ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ದಪ್ಪಮಾಡಿಕೊಂಡರೆ ಹಿಡಿತಕ್ಕೆ ಕಡಿಮೆ ಬಲ ಸಾಕು. ಮಧುಮೇಹದಿಂದ ಬೆರಳುಗಳ ಸ್ಪರ್ಶ ಮಂದವಾದವರು ಹೊಲಿಯುವಾಗ ಅಂಗುಸ್ತಾನವನ್ನು ಮರೆಯಬಾರದು. ಚುಚ್ಚಿದ್ದು ತಿಳಿಯದೆ ಗಾಯ ಕೀವುಗಟ್ಟುವುದುಂಟು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ರಟ್ಟು ಕತ್ತರಿಸುವ ಕೆಲಸವನ್ನು ಮನೆಯ ಇತರರಿಗೆ ಒಪ್ಪಿಸುವುದು ವಿವೇಕ. ಮುರಿದ ಅಲಗಿನ ಚೂರುಗಳನ್ನು ಮುಚ್ಚಳದಲ್ಲಿ ಸೀಳು ಮಾಡಿದ ಡಬ್ಬಿಯೊಂದರಲ್ಲಿ ಹಾಕಿಡಿ. ಕಸ ಒಯ್ಯುವವರ ಕೈಗಳೂ ಕೈಗಳೇ ಅಲ್ಲವೆ?

ದಬ್ಬಣವೆಂದೊಡನೆ ಗೋಣಿಚೀಲ ಹೊಲಿಯುವ ದಪ್ಪ ದಬ್ಬಣ ನೆನಪಾಗುತ್ತದೆ. (ಮರಾಠಿಯಲ್ಲಿಯೂ ಅದು ‘ದಾಭಣ’ವೇ ಆದುದರಿಂದ ಇಲ್ಲಿಯ ಅಂಗಡಿಗಳಲ್ಲಿ ಕೇಳಲು ನಾಚಬೇಕಾಗಿಲ್ಲ.) ಅದು ವೋಚರಿಗೆ ಸರಿ, ಪುಸ್ತಕದ ಮಡಿಕೆಗೆ ಅತಿಯಾಯಿತು. ನೀವು ಬಳಸುವ ಸೂಜಿಗಿಂತ ದಪ್ಪವಲ್ಲದ, ಮರದ ಹಿಡಿಯುಳ್ಳ ಮೊನೆ ಸಾಕು. ಸೂಜಿಯ ತುದಿ ಮೊಂಡಾಗಿರಲಿ, ಏಕೆಂದರೆ ದಾರಿಯನ್ನು ದಬ್ಬಣ ಆಗಲೇ ಮಾಡಿಕೊಟ್ಟಿರುತ್ತದೆ. ಚೂಪು ಸೂಜಿ ತನ್ನದೇ ಹೊಸ ದಾರಿ ಹುಡುಕಿ ಕಾಗದವನ್ನೂ ಬೆರಳನ್ನೂ ಚುಚ್ಚುತ್ತದೆ. ದಾರಗಳಲ್ಲಿ ನಾರಗಸೆಯ ಲಿನನ್ ಉತ್ತಮ, ಹುರಿಮಾಡಿದ ಹತ್ತಿಯ ದಾರ ಮಧ್ಯಮ, ನೈಲಾನ್ ಸರ್ವಥಾ ಬೇಡ. ನೈಲಾನ್ ತಾನು ಹರಿಯುವುದಿಲ್ಲವೆಂಬುದೇನೋ ನಿಜ, ಆದರೆ ಕಾಗದವನ್ನು ಗರಗಸದಂತೆ ಕೊಯ್ಯುತ್ತದೆ. ದಾರವನ್ನು ಜೇನುಮೇಣದ ಉಂಡೆಯ ಮೇಲೆ ಎರಡು ಸಲ ಎಳೆದರೆ ಸಿಕ್ಕಾಗುವುದಿಲ್ಲ. ದಾರದ ದಪ್ಪಕ್ಕೂ ಒಂದು ಲೆಕ್ಕವುಂಟು. 192 ಪುಟಗಳ ಪುಸ್ತಕವೆಂದರೆ 16 ಪುಟಗಳ 12 ಫಾರಂ. ದಾರ ಅರ್ಧ ಮಿಲಿಮೀಟರ್ ದಪ್ಪವಿದ್ದರೆ ಬೆನ್ನಿನ ಕಡೆ ಹೆಚ್ಚುಕಡಿಮೆ 6 ಮಿಲಿಮೀಟರ್ ಉಬ್ಬು ಸೇರುತ್ತದೆ. ಒತ್ತಿದ ಮೇಲೆ ಸ್ವಲ್ಪ ತಗ್ಗಿದರೂ ಪುಸ್ತಕ ಬೆಣೆಯಂತೆ ಕಾಣುವುದು. ಫಾರಂಗಳು ಹೆಚ್ಚಿದಷ್ಟೂ ದಾರ ತೆಳುವಾಗಬೇಕು.

ಮಡಿಕೆ ಒತ್ತಲು ವೃತ್ತಿಪರರು ಮೂಳೆಯ ಪಟ್ಟಿಯನ್ನು ಬಳಸುತ್ತಾರೆ. ಮೂಳೆಯನ್ನು ಮುಟ್ಟಲು ಸಂಕೋಚಪಡುವವರು ಉಪ್ಪುಕಾಗದದಿಂದ ನುಣುಪುಮಾಡಿದ ಬಿದಿರಿನ ಪಟ್ಟಿಯನ್ನೋ ಉಕ್ಕಿನ ಚಮಚದ ಬೆನ್ನನ್ನೋ ಬಳಸಿದರೆ ಕೆಲಸ ಕೆಡುವುದಿಲ್ಲ. ಒತ್ತುಯಂತ್ರದ ಬದಲು ಎರಡು ಪ್ಲೈವುಡ್ ಹಲಗೆಗಳು ಮತ್ತು ಕಾಗದ ಸುತ್ತಿದ ನಾಲ್ಕು ಇಟ್ಟಿಗೆಗಳು ಸಾಕು.

ಕಾಗದಕ್ಕೂ ರಟ್ಟಿಗೂ ಮರದಂತೆಯೇ ಎಳೆಯ ದಿಕ್ಕು ಇರುತ್ತದೆಂಬುದನ್ನು ಅನೇಕರು ಗಮನಿಸಿರುವುದಿಲ್ಲ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿದರೆ ಒಂದು ಕಡೆಗೆ ಸುಲಭವಾಗಿ ಬಾಗುತ್ತದೆ. ಆಗ ಮಡಿಕೆ ಬೀಳುವ ದಿಕ್ಕೇ ಎಳೆಯ ದಿಕ್ಕು. ಅದು ಪುಸ್ತಕದ ಬೆನ್ನಿಗೆ ಸಮಾಂತರವಾಗಿರಬೇಕು. ತೇವ ಹೀರಿದ ಕಾಗದ ಎಳೆಗೆ ಅಡ್ಡಲಾಗಿ ಹಿಗ್ಗುವುದರಿಂದ, ದಿಕ್ಕು ತಪ್ಪಿದ ರಟ್ಟು ಮುಂಬಯಿಯ ಮೊದಲ ಮಳೆಗೇ ಹಪ್ಪಳದಂತೆ ಮುರುಟುತ್ತದೆ.

ಅಂಟಿನ ಆಯ್ಕೆಯಲ್ಲಿ ಮಾತ್ರ ನನ್ನದು ಕಟ್ಟುನಿಟ್ಟಿನ ಅಭಿಪ್ರಾಯ. ಫೆವಿಕಾಲ್ ಮೊದಲಾದ ಬಿಳಿಯ ಸಂಶ್ಲೇಷಿತ ಅಂಟುಗಳು ಹೊಸ ನೋಟುಪುಸ್ತಕಕ್ಕೆ ಯೋಗ್ಯ. ಹಳೆಯ ಪುಸ್ತಕಕ್ಕೆ ಮಾತ್ರ ಅವು ತಕ್ಕವಲ್ಲ, ಒಮ್ಮೆ ಒಣಗಿದರೆ ನೀರಿಗೆ ಕರಗಿ ಬಿಡಿಸಿಕೊಳ್ಳುವುದಿಲ್ಲ. ನಾಳೆ ನಮಗಿಂತ ಬಲ್ಲವರು ದುರಸ್ತಿ ಮಾಡಹೊರಟರೆ ಕಾಗದವೇ ಕಿತ್ತುಬರುವುದು. ಸೆಲೋಟೇಪು ಇನ್ನೂ ಕೇಡು: ಕೆಲವು ವರ್ಷಗಳಲ್ಲಿ ಟೇಪು ಉದುರಿ, ಅಂಟು ಮಾತ್ರ ಕಂದುಕಲೆಯಾಗಿ ಕಾಗದದೊಳಗೆ ಇಳಿದಿರುತ್ತದೆ. ನಮ್ಮ ಅಜ್ಜಿಯರು ಕಾಯಿಸುತ್ತಿದ್ದ ಮೈದಾ ಅಂಟೇ ಈ ಕೆಲಸಕ್ಕೆ ಸರ್ವೋತ್ತಮ. ಒಂದು ಭಾಗ ಹಿಟ್ಟಿಗೆ ಐದು ಭಾಗ ನೀರು ಬೆರೆಸಿ, ಗಂಟಾಗದಂತೆ ಕದಡಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕೈಬಿಡದೆ ತಿರುವಿದರೆ ಹಾಲಿನ ಬಿಳುಪು ಹೋಗಿ ಗಂಜಿಯಂತೆ ಪಾರಕವಾಗುತ್ತದೆ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು. ಡಬ್ಬಿಯ ಮೇಲೆ ಹೆಸರು ಬರೆಯದಿದ್ದರೆ ಯಾರಾದರೂ ಸಾರಿಗೆ ಸುರಿದಾರು. ಹುಳು ಬಾರದಿರಲೆಂದು ಬೈಂಡಿಂಗಿನವರು ಇದಕ್ಕೆ ಮೈಲುತುತ್ತವನ್ನು ಸೇರಿಸುತ್ತಾರೆ. ಅದು ವಿಷ; ಮನೆಯ ಪಾತ್ರೆಗಳ ಬಳಿ ಸುಳಿಯಬಾರದು. ಮೇಲಾಗಿ ಅದರಲ್ಲಿರುವ ತಾಮ್ರದ ಅಂಶ ಕಾಗದದ ಶಿಥಿಲತೆಯನ್ನು ತ್ವರಿತಗೊಳಿಸುತ್ತದೆ.

ಕಣ್ಣುಗಳ ಬಗ್ಗೆ, ನನ್ನ ವಯಸ್ಸಿನವರಿಗಾಗಿ, ಒಂದು ಮಾತು. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರವು ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವ ಶಕ್ತಿಯನ್ನು ಕ್ರಮೇಣ ಕಳೆದುಕೊಳ್ಳುತ್ತದೆ. ಓದುವ ಕನ್ನಡಕವನ್ನು ಸಾಮಾನ್ಯವಾಗಿ 40 ಸೆಂಟಿಮೀಟರ್ ದೂರಕ್ಕೆ ಲೆಕ್ಕಹಾಕುತ್ತಾರೆ. 100ನ್ನು ಸೆಂಟಿಮೀಟರುಗಳ ದೂರದಿಂದ ಭಾಗಿಸಿದರೆ ಆ ದೂರಕ್ಕೆ ಬೇಕಾದ ಒಟ್ಟು ಶಕ್ತಿ ಡಯಾಪ್ಟರುಗಳಲ್ಲಿ ಸಿಗುತ್ತದೆ: 40ಕ್ಕೆ ಎರಡೂವರೆ, 50ಕ್ಕೆ ಎರಡು. ಕಣ್ಣು ತನ್ನ ಪಾಲನ್ನು ಕೊಟ್ಟು ಉಳಿದುದನ್ನು ಕನ್ನಡಕ ತುಂಬುತ್ತದೆ. ಮೇಜಿನ ಮೇಲೆ ಹೊಲಿಯುವ ಪುಸ್ತಕ ಬಹುಮಟ್ಟಿಗೆ 50ರ ಆಸುಪಾಸಿನಲ್ಲಿರುವುದರಿಂದ ಓದುವ ಕನ್ನಡಕ ಹಾಕಿದವರು ತಾವರಿಯದೆ ಹತ್ತು ಸೆಂಟಿಮೀಟರ್ ಮುಂದಕ್ಕೆ ಬಾಗುತ್ತಾರೆ. ಒಂದು ಗಂಟೆಯ ಬಳಿಕ ನೋಯುವುದು ಕಣ್ಣಲ್ಲ, ಕತ್ತು. ಬಹುದೂರಗಳಿಗೆ ಹೊಂದುವ ಪ್ರೊಗ್ರೆಸಿವ್ ಕನ್ನಡಕದವರಿಗಂತೂ ಸ್ಪಷ್ಟವಾಗಿ ಕಾಣುವುದು ಕೆಳಗಿನ ಕಿರಿದಾದ ಭಾಗದಲ್ಲಿ ಮಾತ್ರ. ಅದಕ್ಕಾಗಿ ಗದ್ದವನ್ನೆತ್ತಿ ಕೂರಬೇಕಾಗುತ್ತದೆ. ಕನ್ನಡಕದವರ ಬಳಿಗೆ ಹೋಗುವ ಮುನ್ನ ಕೆಲಸದ ಭಂಗಿಯಲ್ಲಿ ಕುಳಿತು ಕಣ್ಣಿನಿಂದ ಪುಸ್ತಕಕ್ಕಿರುವ ದೂರವನ್ನು ಮನೆಯವರಿಂದ ಅಳೆಯಿಸಿಕೊಂಡು, ಆ ಅಂಕಿಯನ್ನು ಬರೆದು ಒಯ್ಯಿರಿ. ಬಲಗೈಯವರಿಗೆ ದೀಪ ಎಡಗಡೆಯಲ್ಲಿರಲಿ. ಇಷ್ಟಾಗಿಯೂ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕಿಟಕಿಯ ಬಳಿ ನಿಂತು ದೂರ ನೋಡುವುದು ಒಳಿತು. ದಿನವಿಡೀ ಗಣಕದ ಪರದೆಯನ್ನು ನೋಡಿ ದಣಿದವರಿಗೆ ಈ ಕೆಲಸದಿಂದ ಒಂದು ಲಾಭವಿದೆ: ಕೈಗೆ ಅಂಟು ಮೆತ್ತಿರುವಷ್ಟು ಹೊತ್ತು ಮೊಬೈಲನ್ನು ಮುಟ್ಟುವಂತಿಲ್ಲ.

ಬೂಷ್ಟು ಹಿಡಿದ ಪುಸ್ತಕವನ್ನು ಮುಚ್ಚಿದ ಕೋಣೆಯಲ್ಲಿ ಕೊಡವಬಾರದು. ಬಾಲ್ಕನಿಯಲ್ಲಿ, ಮೂಗುಬಾಯಿಗಳಿಗೆ ಎನ್-95 ಮುಖಗವಸು ಧರಿಸಿ, ಮೃದುವಾದ ಕುಂಚದಿಂದ ನಿಮ್ಮಿಂದ ಆಚೆಗೆ ಗುಡಿಸಿ. ಉಬ್ಬಸವುಳ್ಳವರು ಈ ಕೆಲಸದಿಂದ ದೂರವಿರಲಿ. ಪುಟಗಳ ಸಂದಿಯಲ್ಲಿ ಬಿಳಿಯ ಪುಡಿ ಕಂಡರೆ ಅದು ಹಿರಿಯರು ಹುಳುಗಳಿಗೆಂದು ಉದುರಿಸಿದ ಕೀಟನಾಶಕವಿರಬಹುದು. ಬಾಯಿಂದ ಊದದೆ, ಕೈಗವಸು ತೊಟ್ಟು ಒದ್ದೆಬಟ್ಟೆಯ ಮೇಲೆ ಗುಡಿಸಿಕೊಳ್ಳಿ. ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವುವ ಅಭ್ಯಾಸವನ್ನು, ನಾವು ಬ್ಯಾಂಕಿನವರಂತೂ ವಿಶೇಷವಾಗಿ, ಇಲ್ಲಿ ಬಿಡಬೇಕು. ಮಳೆಗಾಲದ ಎರಡು ತಿಂಗಳು ಅಂಟಿನ ಕೆಲಸವನ್ನು ನಿಲ್ಲಿಸಿ, ಹೊಲಿಗೆಯನ್ನಷ್ಟೇ ಇಟ್ಟುಕೊಳ್ಳುವುದು ನಾನು ಅನುಸರಿಸುವ ಕ್ರಮ. ಆ ತೇವದಲ್ಲಿ ಮೈದಾ ಅಂಟು ಒಣಗುವುದಕ್ಕೆ ಮುಂಚೆಯೇ ಬೂಷ್ಟು ಹಿಡಿಯುತ್ತದೆ.

ಮೊದಲ ಅಭ್ಯಾಸಕ್ಕೆ ಭಾರತವನ್ನಾಗಲಿ ಜೈಮಿನಿಯನ್ನಾಗಲಿ ಕೈಗೆತ್ತಿಕೊಳ್ಳಬೇಡಿ. ನಡುವೆ ಪಿನ್ನು ಹೊಡೆದ ಹಳೆಯ ಸ್ಮರಣ ಸಂಚಿಕೆಯೊಂದು ಮನೆಯಲ್ಲಿದ್ದರೆ ಅದೇ ತಕ್ಕದ್ದು. ತುಕ್ಕು ಹಿಡಿದ ಪಿನ್ನುಗಳನ್ನು ಎಳೆಯದೆ, ಒಳಗಡೆ ಮಡಿಸಿದ ಕಾಲುಗಳನ್ನು ಮೊಂಡು ಚಾಕುವಿನಿಂದ ಎತ್ತಿ ನೆಟ್ಟಗೆ ಮಾಡಿ ಹೊರಗಿನಿಂದ ತೆಗೆಯಿರಿ. ಮಡಿಕೆಯ ನಡುವೆ ಒಂದು, ಮೇಲೂ ಕೆಳಗೂ ಅಂಚಿನಿಂದ ಮೂರು ಸೆಂಟಿಮೀಟರ್ ಬಿಟ್ಟು ಒಂದೊಂದು, ಹೀಗೆ ಮೂರು ರಂಧ್ರಗಳನ್ನು ದಬ್ಬಣದಿಂದ ಮಾಡಿ. ಸೂಜಿಯನ್ನು ಒಳಗಿನಿಂದ ನಡುವಿನ ರಂಧ್ರದ ಮೂಲಕ ಹೊರಕ್ಕೆ ತಂದು, ಮೇಲಿನ ರಂಧ್ರದಲ್ಲಿ ಒಳಕ್ಕೆ ಹಾಯಿಸಿ, ಒಳಗಡೆ ನಡುವಿನದನ್ನು ದಾಟಿ ಕೆಳಗಿನ ರಂಧ್ರದಲ್ಲಿ ಹೊರಕ್ಕೆ ತೆಗೆದು, ಮತ್ತೆ ನಡುವಿನದರಲ್ಲಿ ಒಳಕ್ಕೆ ತನ್ನಿ. ದಾರದ ಎರಡು ತುದಿಗಳು ಒಳಗಿನ ಉದ್ದ ದಾರದ ಆಚೆಗೊಂದು ಈಚೆಗೊಂದು ಇರುವಂತೆ ನೋಡಿಕೊಂಡು, ಮಡಿಕೆಯ ಉದ್ದಕ್ಕೆ ಬಿಗಿದು ಎರಡು ಗಂಟು ಹಾಕಿ, ಒಂದೊಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿರಿ.